ಬ್ರೋಚು, ಪದಕ ಮತ್ತು ಕಂಬಳಿಕೊಪ್ಪೆ: ಉಡುಗೆಯ ಲೋಹಸಾಕ್ಷ್ಯವನ್ನು ಕುರಿತು

ಮಧ್ಯಯುಗೀನ ಯುರೋಪಿನ ಪುರಾತತ್ತ್ವ ಬರಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ಲೋಹವಸ್ತುಗಳಲ್ಲಿ ಬ್ರೋಚು ಒಂದು. ಕನ್ನಡದಲ್ಲಿ ಇದನ್ನು ‘ಪದಕ’ ಎಂದುಬಿಡುವುದುಂಟು. ಆದರೆ ಪದಕವು ಸರದಿಂದ ತೂಗುವ ಆಭರಣ. ಬ್ರೋಚು ಮೂಲತಃ ಬಟ್ಟೆಯ ಅಂಚುಗಳನ್ನು ಕೂಡಿಸಿ ಹಿಡಿಯುವ ಸಾಧನ. ಈ ವ್ಯತ್ಯಾಸವನ್ನು ಮರೆತರೆ, ಕರ್ನಾಟಕದ ಪ್ರಾಚ್ಯವಸ್ತುಗಳಲ್ಲಿ ಬ್ರೋಚು ಪ್ರಮುಖ ವರ್ಗವಾಗಿ ಏಕೆ ಕಾಣಿಸುವುದಿಲ್ಲವೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

1850ರಲ್ಲಿ ಐರ್ಲೆಂಡಿನ ಬೆಟ್ಟಿಸ್‌ಟೌನ್ ಬಳಿ ದೊರೆತ ‘ತಾರಾ ಬ್ರೋಚು’ ಸುಮಾರು ಕ್ರಿ.ಶ. 700ರ ಕಾಲದ್ದು. ಉಂಗುರವೊಂದಕ್ಕೆ ಉದ್ದನೆಯ ಸೂಜಿಯನ್ನು ಸೇರಿಸಿದ ರಚನೆ ಅದರದು. ಸುಮಾರು ಅದೇ ಕಾಲಕ್ಕೆ ಸೇರಿದ ಸ್ಕಾಟ್ಲೆಂಡಿನ ಹಂಟರ್‌ಸ್ಟನ್ ಬ್ರೋಚಿನ ಹಿಂಬದಿಯಲ್ಲಿ 10ನೆಯ ಶತಮಾನದ ರೂನ್ ಲಿಪಿಯ ಬರಹವಿದ್ದು, ಅದು ಮೆಲ್‌ಬ್ರಿಗ್ದ ಎಂಬ ಒಡೆಯನ ಹೆಸರನ್ನು ತಿಳಿಸುತ್ತದೆ. ಸ್ವೀಡನ್ನಿನ ಬಿರ್ಕಾದ ಸ್ತ್ರೀಸಮಾಧಿಗಳಲ್ಲಿ ಅಂಡಾಕಾರದ ಬ್ರೋಚುಗಳು ಜೋಡಿಯಾಗಿ ದೊರೆತಿವೆ. ಶವವನ್ನು ಉಡುಗೆಯೊಡನೆ ಹೂಳಿದ್ದರಿಂದ, ಬಟ್ಟೆ ಮಣ್ಣಾದರೂ ಅದನ್ನು ಹಿಡಿದಿದ್ದ ಲೋಹ ಉಳಿಯಿತು.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಶವದಹನದ ರೂಢಿ ವ್ಯಾಪಕವಾಗಿತ್ತು; ಹಳೆಯ ಆಭರಣವನ್ನು ಅಕ್ಕಸಾಲಿಗನಲ್ಲಿ ಕರಗಿಸಿ ಹೊಸದನ್ನು ಮಾಡಿಸುವುದೂ ವಾಡಿಕೆ. ಹೀಗಾಗಿ ಲೋಹವೇ ಕಣ್ಮರೆಯಾಗಿ, ಅದರ ರೂಪ ಶಿಲ್ಪದಲ್ಲಿ ಉಳಿಯಿತು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಹಾರ, ತೋಳ್ಬಂದಿ, ಸೊಂಟದ ಮೇಖಲೆಗಳು ಹೇರಳವಾಗಿವೆ. ಅಲ್ಲಿ ಲೋಹಾಲಂಕಾರದ ಭಾರವೆಲ್ಲ ಕೊರಳು, ತೋಳು, ಸೊಂಟಗಳ ಮೇಲಿದೆ. ಹೆಗಲ ಮೇಲಿನ ಸೂಜಿಗೆ ಅಲ್ಲಿ ಕೆಲಸವಿಲ್ಲ.

ಇದು ಹತ್ತಿಯ ನಾಡಾದ್ದರಿಂದ ಬ್ರೋಚು ಬೇಕಾಗಲಿಲ್ಲವೆಂದು ವಾದಿಸಬಹುದು. ಆದರೆ ಉಣ್ಣೆಯ ಹೊದಿಕೆ ನಮ್ಮಲ್ಲಿಯೂ ಇತ್ತು. ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿ ಇಂದು ನಗರದ ಬಡಾವಣೆ. ಅದರ ಹೆಸರು ಮಾತ್ರ ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಸಮುದಾಯವನ್ನು ನೆನಪಿಸುತ್ತದೆ. ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಕೊಡುವುದರಿಂದ ಬಟ್ಟೆಗೆ ಬಿಗಿ ಬರುತ್ತದೆ. ಅದನ್ನು ಮಡಿಸಿ ತಲೆಯ ಮೇಲಿಂದ ಇಳಿಬಿಟ್ಟರೆ ಕೊಪ್ಪೆಯಾಗುತ್ತದೆ. ಅದನ್ನು ನಿಲ್ಲಿಸುವುದು ಮಡಿಕೆ ಮತ್ತು ಬಟ್ಟೆಯ ಬಿಗಿಯೇ ಹೊರತು ಸೂಜಿಯಲ್ಲ. ಆದ್ದರಿಂದ ಬ್ರೋಚಿನ ಅಗತ್ಯವನ್ನು ನಿರ್ಧರಿಸುವುದು ಉಣ್ಣೆಯಲ್ಲ, ಹೊದೆಯುವ ಕ್ರಮ.

ಭಾಷೆಯ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಕನ್ನಡದಲ್ಲಿ ಸೀರೆಯನ್ನು ಉಡುತ್ತಾರೆ, ಕಂಬಳಿಯನ್ನು ಹೊದೆಯುತ್ತಾರೆ, ಆಭರಣವನ್ನು ತೊಡುತ್ತಾರೆ. ‘ಉಡುಗೆ ತೊಡುಗೆ’ ಎಂಬ ಜೋಡಿಪದ ಈ ವಿಂಗಡಣೆಯನ್ನು ಉಳಿಸಿಕೊಂಡಿದೆ. ಬ್ರೋಚು ಉಡುಗೆಯ ಅಂಗವೂ ಹೌದು, ತೊಡುಗೆಯೂ ಹೌದು. ಆದುದರಿಂದಲೇ ಅದಕ್ಕೆ ನಮ್ಮಲ್ಲಿ ಸರಿಸಾಟಿಯಾದ ಪದ ಸುಲಭವಾಗಿ ಸಿಗುವುದಿಲ್ಲ. ಇದನ್ನು ಭಾಷೆಯ ಬಡತನವೆಂದು ಭಾವಿಸಬೇಕಾಗಿಲ್ಲ. ‘ಪದಕ’ವೆಂಬ ಸಮೀಪದ ಪದದಿಂದ ಈ ತೆರವನ್ನು ಮುಚ್ಚಿದರೆ ಎರಡು ಸಂಸ್ಕೃತಿಗಳ ಉಡುಗೆಯ ಕ್ರಮವೂ ಮಸುಕಾಗುತ್ತದೆ. ಕಾವ್ಯ, ಶಾಸನಗಳ ಆಭರಣನಾಮಗಳಿಗೆ ಅರ್ಥ ಹೇಳುವಾಗ, ಆ ವಸ್ತು ದೇಹದ ಮೇಲೆ ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ.