ಕರಾವಳಿಯ ಸೌರ ವಿದ್ಯುತ್: ಬಿಸಿಲಿನ ಲೆಕ್ಕ ಒಂದು, ಮಳೆಗಾಲದ ಲೆಕ್ಕ ಇನ್ನೊಂದು

ಹೊನ್ನಾವರ: ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್‌ ಇರುವ ತುಮಕೂರು ಜಿಲ್ಲೆಯ ಪಾವಗಡವೂ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಎರಡೂ ಕಡೆ ಸೂರ್ಯನ ಪಥ ಒಂದೇ, ಹಗಲಿನ ಅವಧಿಯೂ ಒಂದೇ. ಆದರೆ ಸಮಾನ ಸಾಮರ್ಥ್ಯದ ಫಲಕಗಳಿಂದ ವರ್ಷಾಂತ್ಯಕ್ಕೆ ದೊರೆಯುವ ವಿದ್ಯುತ್ ಮಾತ್ರ ಒಂದೇ ಅಲ್ಲ.

ಇದಕ್ಕೆ ಮುಖ್ಯ ಕಾರಣ ಪಶ್ಚಿಮ ಘಟ್ಟ. ನೈರುತ್ಯ ಮುಂಗಾರು ಮಾರುತಗಳನ್ನು ಘಟ್ಟ ತಡೆಯುವುದರಿಂದ ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆ ನೆರಳಿನ ಪಾವಗಡಕ್ಕೆ ಅದರ ಕಾಲು ಪಾಲೂ ದೊರೆಯದು. ಹಗಲು ಅತ್ಯಂತ ದೀರ್ಘವಾಗಿರುವ ಜೂನ್‌ನಲ್ಲೇ ಕರಾವಳಿಯ ಆಕಾಶವನ್ನು ಮೋಡ ಕವಿದಿರುತ್ತದೆ. ಮೋಡದ ಮರೆಯಲ್ಲೂ ಫಲಕಗಳು ಕೆಲಸ ಮಾಡುತ್ತವೆಯಾದರೂ ಉತ್ಪಾದನೆ ತೀವ್ರವಾಗಿ ಕುಸಿಯುತ್ತದೆ.

ಬೇಸಿಗೆಯಲ್ಲೂ ಬಿಸಿಲು ಹೆಚ್ಚಿದಷ್ಟೂ ಲಾಭವೆಂದು ಹೇಳಲಾಗದು. ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಅಳೆಯಲಾಗುತ್ತದೆ. ಅದಕ್ಕಿಂತ ಪ್ರತಿ ಡಿಗ್ರಿ ಏರಿದಂತೆ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಫಲಕಕ್ಕೆ ಬೇಕಿರುವುದು ಬೆಳಕೇ ಹೊರತು ಶಾಖವಲ್ಲ.

ಸ್ಥಳದ ಆಯ್ಕೆಯೂ ಮುಖ್ಯ. ದಕ್ಷಿಣಕ್ಕೆ ಮುಖಮಾಡಿ, ಅಕ್ಷಾಂಶಕ್ಕೆ ಸಮನಾಗಿ ಸುಮಾರು 14 ಡಿಗ್ರಿ ಓರೆಯಾಗಿ ಅಳವಡಿಸುವುದು ವಾಡಿಕೆ. ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಸರಣಿಯಲ್ಲಿ ಜೋಡಿಸಿದ ಇತರ ಫಲಕಗಳ ಉತ್ಪಾದನೆ ಕುಗ್ಗಬಹುದು. ಕಡಲ ಸಮೀಪದ ಮನೆಗಳಲ್ಲಿ ಉಪ್ಪಿನ ಗಾಳಿಗೆ ಚೌಕಟ್ಟು, ಬೋಲ್ಟು, ತಂತಿಯ ಜೋಡಣೆಗಳು ತುಕ್ಕು ಹಿಡಿಯುವ ಅಪಾಯವಿದೆ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಯ ಚಾವಣಿ ಘಟಕಕ್ಕೆ ಗರಿಷ್ಠ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ಆದರೆ ಮಾರ್ಚ್ ತಿಂಗಳ ಉತ್ಪಾದನೆಯನ್ನೇ ಹನ್ನೆರಡರಿಂದ ಗುಣಿಸಿ ಸಾಲದ ಕಂತು ಲೆಕ್ಕ ಹಾಕಿದರೆ ಜುಲೈನಲ್ಲಿ ಅದು ತಪ್ಪುತ್ತದೆ.

ಇನ್ನೊಂದು ಅಂಶ ಬಹಳ ಮಂದಿಯ ಗಮನಕ್ಕೆ ಬಂದಿರುವುದಿಲ್ಲ. ಬ್ಯಾಟರಿ ಇಲ್ಲದೆ ವಿದ್ಯುತ್ ಜಾಲಕ್ಕೆ ನೇರವಾಗಿ ಜೋಡಿಸಿದ ಘಟಕವು, ಲೈನ್ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ವಿದ್ಯುತ್ ಕಡಿತವಾದೊಡನೆ ತಾನೂ ಸ್ಥಗಿತಗೊಳ್ಳುತ್ತದೆ. ಗಾಳಿ ಮಳೆಗೆ ಮರ ಬಿದ್ದು ತಂತಿ ತುಂಡಾದ ದಿನ, ಚಾವಣಿಯ ಮೇಲೆ ಫಲಕವಿದ್ದರೂ ಮನೆಯಲ್ಲಿ ಕತ್ತಲೆಯೇ. ಅಂಥ ದಿನಗಳಿಗೂ ದೀಪ ಬೇಕೆನ್ನುವವರು ಬ್ಯಾಟರಿಯ ವೆಚ್ಚವನ್ನು ಮೊದಲೇ ಸೇರಿಸಿಕೊಳ್ಳಬೇಕಾಗುತ್ತದೆ.

ಹಾಗೆಂದು ಮೋಡದಿಂದ ನಷ್ಟವೇ ಎನ್ನುವಂತಿಲ್ಲ. ಸೌರ ಉತ್ಪಾದನೆ ಕುಗ್ಗುವ ಕಾಲದಲ್ಲೇ ಶರಾವತಿ ತುಂಬಿ ಹರಿಯುತ್ತದೆ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲೇ 240 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರವಿದೆ. ಬೇಸಿಗೆಗೆ ಬಿಸಿಲು, ಮಳೆಗಾಲಕ್ಕೆ ಹೊಳೆ ಎಂಬ ಹೊಂದಾಣಿಕೆ ಈ ನೆಲಕ್ಕೆ ಒಪ್ಪುವಂಥದ್ದು.