ಪೆಟ್ಟಿಗೆಯ ಮೇಲಿನ ವಿಳಾಸ: ಕೋಲಾರ ಜಿಲ್ಲೆಯ ವ್ಯಾಪಾರಕ್ಕೆ ಕ್ಯೂಆರ್ ಕೋಡ್

ಶ್ರೀನಿವಾಸಪುರದ ಮಂಡಿಗಳಿಂದ ಮಾವಿನ ಹಂಗಾಮಿನಲ್ಲಿ ಪ್ರತಿದಿನ ಲಾರಿಗಟ್ಟಲೆ ಹಣ್ಣು ಹೊರಡುತ್ತದೆ. ಆ ಹಣ್ಣು ಯಾವ ತೋಟದ್ದು, ಯಾವ ಮಂಡಿಯದು ಎಂಬುದು ಅದನ್ನು ಕೊನೆಗೆ ಕೊಯ್ದು ತಿನ್ನುವ ಗ್ರಾಹಕನಿಗೆ ತಿಳಿಯುವುದೇ ಇಲ್ಲ. ಮಾಲೂರಿನ ಹೆಂಚು ಯಾವುದೋ ಊರಿನ ಮನೆಯ ಮೇಲೆ ಕೂರುತ್ತದೆ. ಮನೆಯ ಯಜಮಾನನಿಗೆ ಕಾರ್ಖಾನೆಯ ಹೆಸರು ಗೊತ್ತಿರುವುದಿಲ್ಲ. ಮುಳಬಾಗಿಲಿನಲ್ಲಿ ತುಪ್ಪದ ದೋಸೆ ತಿಂದು ತಿರುಪತಿಯ ಕಡೆಗೆ ಹೊರಟ ಪ್ರಯಾಣಿಕನಿಗೆ ರುಚಿ ನೆನಪಿರುತ್ತದೆ, ಹೋಟೆಲಿನ ಹೆಸರು ಮರೆತಿರುತ್ತದೆ. ಸರಕು ಗ್ರಾಹಕನ ಕೈ ಸೇರಿದರೂ ಮಾರಿದವನ ವಿಳಾಸ ಅವನನ್ನು ತಲುಪದಿರುವುದು ಜಿಲ್ಲೆಯ ವ್ಯಾಪಾರದ ಹಳೆಯ ಕೊರತೆ.

ಈ ಕೊರತೆಯ ಬೆಲೆ ಎಷ್ಟೆಂಬುದು 2025ರ ಮಾವಿನ ಹಂಗಾಮಿನಲ್ಲಿ ಸ್ಪಷ್ಟವಾಯಿತು. ಆ ವರ್ಷ ಜೂನ್ ತಿಂಗಳಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವಿನ ಪ್ರವೇಶವನ್ನು ನಿರ್ಬಂಧಿಸಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನೆಚ್ಚಿಕೊಂಡಿದ್ದ ಗಡಿಭಾಗದ ಬೆಳೆಗಾರರೂ ಮಂಡಿ ವರ್ತಕರೂ ಕಂಗೆಟ್ಟರು. ಬಳಿಕ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 1,616 ರೂಪಾಯಿ ದರ ನಿಗದಿಪಡಿಸಿ, ಗರಿಷ್ಠ 2.5 ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸ ಪಾವತಿಸಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಒಂದೇ ಬಗೆಯ ಖರೀದಿದಾರನನ್ನು ಅವಲಂಬಿಸಿದ ವ್ಯಾಪಾರ ಎಷ್ಟು ದುರ್ಬಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕಾರ್ಖಾನೆಗೆ ಹೋಗುವ ಸಾವಿರಾರು ಟನ್ ತೋತಾಪುರಿಯನ್ನು ಕ್ಯೂಆರ್ ಕೋಡ್ ಮಾರಿಕೊಡಲಾರದು. ಆದರೆ ಮನೆಗಳಲ್ಲಿ ತಿನ್ನುವ ಬಾದಾಮಿ, ರಸಪುರಿ, ಮಲ್ಲಿಕಾ ಮುಂತಾದ ತಳಿಗಳಿಗೆ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಿಗೆ, ಹೆಂಚು ಮತ್ತು ಮಣ್ಣಿನ ಅಲಂಕಾರಿಕ ವಸ್ತುಗಳಿಗೆ ಒಮ್ಮೆ ಬಂದ ಗ್ರಾಹಕನನ್ನು ಮತ್ತೆ ಕರೆತರುವ ಅಗ್ಗದ ಸಾಧನವಾಗಿ ಅದನ್ನು ಬಳಸಿಕೊಳ್ಳಬಹುದು.

ಸಂಕೇತದ ಹುಟ್ಟು ಮತ್ತು ರಚನೆ

ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹರಾ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಈ ಸಂಕೇತವನ್ನು ರೂಪಿಸಿದರು. ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು ಗೆರೆಗಳ ಬಾರ್‌ಕೋಡ್ ಸಾಲದಾದಾಗ ಚೌಕಾಕಾರದ ಹೊಸ ಸಂಕೇತ ಹುಟ್ಟಿತು. ಸಂಸ್ಥೆಯು ಇದರ ಹಕ್ಕುಸ್ವಾಮ್ಯ ಪಡೆದಿದ್ದರೂ ಬಳಕೆದಾರರಿಂದ ಶುಲ್ಕ ಕೇಳಲಿಲ್ಲ. ಸಂಕೇತವು ಲೋಕವ್ಯಾಪಿಯಾಗಲು ಇದೇ ಮುಖ್ಯ ಕಾರಣ. ಸಾಮಾನ್ಯ ಕ್ಯೂಆರ್ ಕೋಡ್ ತಯಾರಿಸಲು ಇಂದಿಗೂ ಯಾರಿಗೂ ಹಣ ಕೊಡಬೇಕಾಗಿಲ್ಲ ಎಂಬುದನ್ನು ವ್ಯಾಪಾರಸ್ಥರು ಗಮನದಲ್ಲಿಟ್ಟುಕೊಳ್ಳಬೇಕು.

ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಸಂಕೇತದ ದಿಕ್ಕನ್ನು ಫೋನಿಗೆ ತಿಳಿಸುತ್ತವೆ. ಉಳಿದ ಕಪ್ಪು ಬಿಳುಪು ಮನೆಗಳಲ್ಲಿ ಅಂತರ್ಜಾಲ ವಿಳಾಸ ಅಡಗಿರುತ್ತದೆ. ಸಂಕೇತದ ಒಂದು ಭಾಗ ಹರಿದರೂ ಮಸುಕಾದರೂ ಓದಲು ಸಾಧ್ಯವಾಗುವಂತೆ ನಾಲ್ಕು ಮಟ್ಟದ ದೋಷ ತಿದ್ದುಪಡಿ ವ್ಯವಸ್ಥೆಯಿದೆ. ಸುಮಾರು ಶೇ. 7, 15, 25 ಮತ್ತು 30ರಷ್ಟು ಹಾನಿಯನ್ನು ಅವು ಕ್ರಮವಾಗಿ ತಾಳಿಕೊಳ್ಳುತ್ತವೆ. ಮಂಡಿಯಲ್ಲಿ ಉಜ್ಜಾಡುವ ರಟ್ಟಿನ ಪೆಟ್ಟಿಗೆಗೆ ಕೊನೆಯ ಎರಡು ಮಟ್ಟಗಳು ಸೂಕ್ತ. ಅಂಗಡಿಯ ಬಿಲ್ಲಿಗೆ ಎರಡನೆಯದು ಸಾಕು.

ವಿಳಾಸ ಉದ್ದವಾದಷ್ಟೂ ಮನೆಗಳ ಸಂಖ್ಯೆ ಹೆಚ್ಚುತ್ತದೆ. ಎರಡನೆಯ ಮಟ್ಟದಲ್ಲಿ 25 ಅಕ್ಷರಗಳ ವಿಳಾಸಕ್ಕೆ 25 ಸಾಲು, 25 ಕಂಬಗಳ ಚೌಕ ಸಾಕಾದರೆ, 100 ಅಕ್ಷರಗಳ ವಿಳಾಸಕ್ಕೆ 41 ಸಾಲು, 41 ಕಂಬಗಳು ಬೇಕು. ಎರಡು ಸೆಂಟಿಮೀಟರ್ ಅಗಲದಲ್ಲಿ ಮುದ್ರಿಸಿದರೆ ಮೊದಲನೆಯದರ ಒಂದೊಂದು ಮನೆ 0.8 ಮಿಲಿಮೀಟರ್ ಇರುತ್ತದೆ, ಎರಡನೆಯದರಲ್ಲಿ ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ. ಒರಟು ರಟ್ಟಿನ ಮೇಲೆ ಶಾಯಿ ಹರಡಿದಾಗ ಎರಡನೆಯದು ಓದಲು ಬಾರದು. ಆದ್ದರಿಂದ ಚಿಕ್ಕ ವಿಳಾಸವನ್ನೇ ಆರಿಸಿಕೊಳ್ಳಬೇಕು.

ಸಂಕೇತ ಎಲ್ಲಿಗೆ ಕರೆದೊಯ್ಯಬೇಕು?

ಹೆಚ್ಚಿನವರು ಎಡವುವುದು ಇಲ್ಲಿಯೇ. ಸಂಕೇತವನ್ನು ಸ್ಕ್ಯಾನ್ ಮಾಡಿದ ಗ್ರಾಹಕನಿಗೆ ಸಂಸ್ಥೆಯ ಇತಿಹಾಸವಾಗಲಿ ಮಾಲೀಕರ ಭಾವಚಿತ್ರವಾಗಲಿ ಬೇಕಾಗಿರುವುದಿಲ್ಲ. ಅವನು ಕೈಯಲ್ಲಿ ಹಿಡಿದಿರುವ ವಸ್ತುವಿನ ಪುಟವೇ ನೇರವಾಗಿ ತೆರೆದುಕೊಳ್ಳಬೇಕು. ವ್ಯಾಪಾರದ ಸ್ವರೂಪಕ್ಕೆ ತಕ್ಕಂತೆ ಈ ಪುಟವೂ ಬದಲಾಗುತ್ತದೆ.

ಶ್ರೀನಿವಾಸಪುರದ ಮಾವಿನ ಪೆಟ್ಟಿಗೆಯ ಸಂಕೇತವು ತಳಿಯ ಹೆಸರು, ಕೊಯ್ದ ದಿನ, ಹಣ್ಣಾಗಲು ಬೇಕಾಗುವ ದಿನಗಳು ಮತ್ತು ಮುಂದಿನ ಪೆಟ್ಟಿಗೆಯ ಬೆಲೆಯನ್ನು ತೋರಿಸಬೇಕು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ನಿಗದಿತ ಪ್ರಮಾಣದಲ್ಲಿ ಎಥಿಲೀನ್ ಅನಿಲ ಬಳಸಲು ಅವಕಾಶವಿದೆ. ಹಣ್ಣನ್ನು ಹೇಗೆ ಮಾಗಿಸಲಾಗಿದೆ ಎಂಬುದನ್ನು ಪ್ರಾಮಾಣಿಕವಾಗಿ ಬರೆದರೆ ನಗರದ ಗ್ರಾಹಕನಿಗೆ ಅದಕ್ಕಿಂತ ದೊಡ್ಡ ಭರವಸೆಯಿಲ್ಲ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂತರ್ಜಾಲದಲ್ಲಿ ಬೇಡಿಕೆ ಪಡೆದು, ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಮನೆಗಳಿಗೆ ಬೆಳೆಗಾರರ ಹಣ್ಣು ತಲುಪಿಸಿದ ಕ್ರಮವು ಇಂತಹ ಮಾರಾಟ ಸಾಧ್ಯವೆಂಬುದನ್ನು ಈಗಾಗಲೇ ತೋರಿಸಿದೆ.

ಮಾಲೂರಿನ ಹೆಂಚು, ಇಟ್ಟಿಗೆ ತಯಾರಕರ ವಿಷಯ ಬೇರೆ. ಹೆಂಚನ್ನು ಯಾರೂ ಫೋನಿನಲ್ಲಿ ನೋಡಿದ ತಕ್ಷಣ ಕೊಳ್ಳುವುದಿಲ್ಲ. ಒಂದು ಹೆಂಚಿನ ಅಳತೆ, ತೂಕ, ನೂರು ಚದರ ಅಡಿಗೆ ಬೇಕಾಗುವ ಸಂಖ್ಯೆ, ಸಾಗಣೆ ವೆಚ್ಚ, ಮಾದರಿ ತರಿಸಿಕೊಳ್ಳುವ ಬಗೆ ಇವಿಷ್ಟು ಪುಟದಲ್ಲಿದ್ದರೆ ಸಾಕು. ಮಾದರಿ ಫಲಕದ ಮೇಲೂ ಸಾಗಣೆ ಚೀಟಿಯ ಮೇಲೂ ಸಂಕೇತವಿದ್ದರೆ, ಐದು ವರ್ಷಗಳ ನಂತರ ಒಡೆದ ಹೆಂಚಿಗೆ ಬದಲಿ ಹುಡುಕುವ ಮನೆಯವರೂ ಗುತ್ತಿಗೆದಾರರೂ ಅದೇ ಕಾರ್ಖಾನೆಗೆ ಮರಳುತ್ತಾರೆ.

ಮುಳಬಾಗಿಲಿನ ಹೋಟೆಲು ಮತ್ತು ಸಿಹಿ, ಖಾರದ ಅಂಗಡಿಗಳಿಗೆ ಹೆದ್ದಾರಿಯೇ ಜೀವಾಳ. ಆದರೆ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಗೆ ಸಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಭಾಗದಲ್ಲಿ 2024ರ ಡಿಸೆಂಬರ್‌ನಿಂದ ವಾಹನಗಳು ಓಡುತ್ತಿವೆ. ಈ ಹೊಸ ರಸ್ತೆ ಮುಳಬಾಗಿಲನ್ನು ಹಾದುಹೋಗುವುದಿಲ್ಲ. ರಸ್ತೆಯನ್ನೇ ನಂಬಿದ ಅಂಗಡಿಯು ಗ್ರಾಹಕನ ಫೋನಿನಲ್ಲಿ ತನ್ನ ವಿಳಾಸ ಉಳಿಸಿಕೊಳ್ಳುವುದು ಈಗ ಅನಿವಾರ್ಯ. ದೋಸೆಯನ್ನು ಅಂಚೆಯಲ್ಲಿ ಕಳುಹಿಸಲಾಗದು. ಚಟ್ನಿಪುಡಿಯನ್ನೂ ಖಾರದ ತಿನಿಸುಗಳನ್ನೂ ಕಳುಹಿಸಬಹುದು. ಮೇಜಿನ ಮೇಲೆ, ಪಾರ್ಸೆಲ್ ಪೊಟ್ಟಣದ ಮೇಲೆ ಸಂಕೇತವಿರಲಿ. ಓಡುವ ವಾಹನದಿಂದ ಯಾರೂ ಸ್ಕ್ಯಾನ್ ಮಾಡಲಾರರಾದ್ದರಿಂದ ಹೆದ್ದಾರಿಯ ಫಲಕದ ಮೇಲೆ ಅದನ್ನು ಬರೆಸುವುದು ವ್ಯರ್ಥ.

ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕಿಲೋ ಪೆಟ್ಟಿಗೆಯ ಧಾರಣೆ 2,000 ರೂಪಾಯಿ ದಾಟಿತ್ತು; ಬೆಲೆ ಕುಸಿದಾಗ ಅದೇ ಹಣ್ಣು ರಸ್ತೆಬದಿ ಸೇರುವುದನ್ನೂ ಜಿಲ್ಲೆ ಕಂಡಿದೆ. ಹಸಿ ಟೊಮೇಟೊ ಅಂತರ್ಜಾಲ ಮಳಿಗೆಗೆ ಒಗ್ಗದ ಸರಕು. ಅದರಿಂದ ತಯಾರಾದ ಸಾಸ್, ಉಪ್ಪಿನಕಾಯಿ, ಒಣಪುಡಿಗಳಿಗೆ ಈ ದಾರಿ ತೆರೆದಿದೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಕೋಲಾರ ಜಿಲ್ಲೆಗೆ ಟೊಮೇಟೊವನ್ನೇ ಗುರುತಿಸಲಾಗಿತ್ತು.

ಸ್ವಂತ ಜಾಲತಾಣವಿಲ್ಲದವರು ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆಯಿಂದ ಆರಂಭಿಸಬಹುದು. ಅದರಲ್ಲಿ ಸರಕುಗಳ ಪಟ್ಟಿ, ಬೆಲೆ, ಚಿತ್ರಗಳನ್ನು ಇಡಲು ಅವಕಾಶವಿದೆ. ಬೇಡಿಕೆ ಹೆಚ್ಚಿದ ಮೇಲೆ ಸ್ವಂತ ಮಳಿಗೆಯನ್ನೋ, ಒಎನ್‌ಡಿಸಿಯಂತಹ ಮುಕ್ತ ಜಾಲವನ್ನೋ ಸೇರಬಹುದು.

ಬದಲಿಸಲಾಗದ ಸಂಕೇತ, ಬದಲಿಸಬಹುದಾದ ಸಂಕೇತ

ಅಂತಿಮ ಪುಟದ ವಿಳಾಸವನ್ನೇ ನೇರವಾಗಿ ಹೊತ್ತ ಸಂಕೇತವನ್ನು ಮುದ್ರಿಸಿದ ನಂತರ ಬದಲಿಸಲಾಗದು. ಹತ್ತು ಸಾವಿರ ಪೆಟ್ಟಿಗೆ ಮುದ್ರಿಸಿದ ಬಳಿಕ ಪುಟದ ವಿಳಾಸ ಬದಲಾದರೆ ಅಷ್ಟೂ ಸಂಕೇತಗಳು ನಿಷ್ಪ್ರಯೋಜಕ. ಎರಡನೆಯ ಬಗೆಯಲ್ಲಿ ಸಂಕೇತವು ನಡುವಿನ ಚಿಕ್ಕ ವಿಳಾಸವೊಂದನ್ನು ಹೊತ್ತಿರುತ್ತದೆ. ಅಲ್ಲಿಂದ ಗ್ರಾಹಕನನ್ನು ಯಾವ ಪುಟಕ್ಕೆ ಕಳುಹಿಸಬೇಕೆಂಬುದನ್ನು ಮಾಲೀಕ ಬೇಕಾದಾಗ ಬದಲಿಸಬಹುದು. ಮೇ ತಿಂಗಳಲ್ಲಿ ಬಾದಾಮಿಯ ಪುಟ, ಹಂಗಾಮು ಮುಗಿದ ಮೇಲೆ ಉಪ್ಪಿನಕಾಯಿಯ ಪುಟ ತೆರೆಯುವಂತೆ ಮಾಡಬಹುದು.

ಈ ನಡುವಿನ ವಿಳಾಸ ಸ್ವಂತ ಹೆಸರಿನದಾಗಿರುವುದು ಕ್ಷೇಮ. ಉಚಿತವೆಂದು ಕೊಡುವ ಕೆಲವು ಸೇವೆಗಳು ಅವಧಿ ಮುಗಿದೊಡನೆ ಸಂಕೇತವನ್ನು ನಿಲ್ಲಿಸಿ ಶುಲ್ಕ ಕೇಳುತ್ತವೆ. ಸ್ವಂತ ಹೆಸರನ್ನು ಪಡೆದರೂ ಅದನ್ನು ವರ್ಷವರ್ಷ ನವೀಕರಿಸಬೇಕು. 2015ರಲ್ಲಿ ಜರ್ಮನಿಯಲ್ಲಿ ಹೈನ್ಜ್ ಕೆಚಪ್ ಸೀಸೆಯ ಮೇಲಿನ ಸಂಕೇತವನ್ನು ಸ್ಕ್ಯಾನ್ ಮಾಡಿದ ಗ್ರಾಹಕನೊಬ್ಬನಿಗೆ ಅಶ್ಲೀಲ ತಾಣ ತೆರೆದುಕೊಂಡಿತು. ಮುಗಿದುಹೋದ ಸ್ಪರ್ಧೆಯೊಂದರ ತಾಣದ ಹೆಸರನ್ನು ಕಂಪನಿ ನವೀಕರಿಸದೆ ಬಿಟ್ಟಿತ್ತು. ಬೇರೆಯವರು ಅದನ್ನು ಕೊಂಡಿದ್ದರು. ಸೀಸೆಗಳು ಮಾತ್ರ ಇನ್ನೂ ಅಂಗಡಿಯಲ್ಲಿದ್ದವು. ಕಂಪನಿ ಕ್ಷಮೆ ಕೇಳಬೇಕಾಯಿತು.

ಮುದ್ರಣದಲ್ಲಿ ಗಮನಿಸಬೇಕಾದುದು

ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣದಲ್ಲಿ ಮುದ್ರಿಸಬೇಕು. ಸುತ್ತಲೂ ನಾಲ್ಕು ಮನೆಗಳಷ್ಟು ಖಾಲಿ ಅಂಚು ಬಿಡಬೇಕು. ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತನೆಯ ಒಂದು ಭಾಗದಷ್ಟು ಅಗಲವಿರಬೇಕೆಂಬುದು ಸ್ಥೂಲ ಲೆಕ್ಕ: ಕೈಯಲ್ಲಿ ಹಿಡಿವ ಪೊಟ್ಟಣಕ್ಕೆ ಎರಡರಿಂದ ಮೂರು ಸೆಂಟಿಮೀಟರ್, ಮೂರು ಮೀಟರ್ ದೂರದ ಗೋಡೆಯ ಫಲಕಕ್ಕೆ ಮೂವತ್ತು ಸೆಂಟಿಮೀಟರ್. ಪೆಟ್ಟಿಗೆಯ ಮಡಿಕೆಯ ಮೇಲೆ, ಸೀಸೆಯ ಬಾಗಿದ ಭಾಗದಲ್ಲಿ, ಮಿರುಗುವ ಹಾಳೆಯಡಿ ಸಂಕೇತ ಬಾರದಂತೆ ನೋಡಿಕೊಳ್ಳಬೇಕು. ಮುದ್ರಣಕ್ಕೆ ಒಪ್ಪಿಗೆ ಕೊಡುವ ಮುನ್ನ ಅಗ್ಗದ ಹಳೆಯ ಫೋನಿನಿಂದಲೂ ಪರೀಕ್ಷಿಸಬೇಕು.

ನಮ್ಮ ಜನರಿಗೆ ಸ್ಕ್ಯಾನ್ ಮಾಡುವುದೆಂದರೆ ಹಣ ಕೊಡುವುದು ಎಂಬ ರೂಢಿಯಿದೆ. ಆದ್ದರಿಂದ ಬರಿಯ ಸಂಕೇತ ಮುದ್ರಿಸಿದರೆ ಸಾಲದು. "ಇದು ಹಣ ಪಾವತಿಯ ಸಂಕೇತವಲ್ಲ. ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ, ಮುಂದಿನ ಪೆಟ್ಟಿಗೆಯನ್ನು ಮನೆಗೇ ತರಿಸಿಕೊಳ್ಳಿ" ಎಂಬಂತಹ ಸಾಲು ಪಕ್ಕದಲ್ಲಿರಬೇಕು. ಗಡಿ ಜಿಲ್ಲೆಯಾದುದರಿಂದ ಕನ್ನಡದ ಜೊತೆಗೆ ತೆಲುಗು, ತಮಿಳು, ಇಂಗ್ಲಿಷ್ ಇದ್ದರೆ ಅನುಕೂಲ. ಸಂಕೇತದ ಕೆಳಗೆ ದೂರವಾಣಿ ಸಂಖ್ಯೆಯನ್ನೂ ಅಚ್ಚು ಹಾಕಿಸಬೇಕು. ಸ್ಕ್ಯಾನ್ ಮಾಡದ ಗ್ರಾಹಕನೂ ಗ್ರಾಹಕನೇ.

ಲಾಭ ನಷ್ಟದ ಲೆಕ್ಕ

ಕರಪತ್ರ, ಪೆಟ್ಟಿಗೆ, ಬಿಲ್ಲು ಇವುಗಳಿಗೆ ಬೇರೆ ಬೇರೆ ಸಂಕೇತ ಕೊಟ್ಟರೆ ಯಾವುದರಿಂದ ಎಷ್ಟು ಬೇಡಿಕೆ ಬಂದಿತೆಂಬುದು ತಿಳಿಯುತ್ತದೆ. ಉದಾಹರಣೆಗೆ, 3,000 ರೂಪಾಯಿ ವೆಚ್ಚದಲ್ಲಿ 2,000 ಕರಪತ್ರ ಹಂಚಿ ನಾಲ್ಕು ಬೇಡಿಕೆ ಬಂದಿತೆಂದು ಇಟ್ಟುಕೊಂಡರೆ ಪ್ರತಿ ಬೇಡಿಕೆಯ ವೆಚ್ಚ 750 ರೂಪಾಯಿ. 500 ಪೆಟ್ಟಿಗೆಗಳಿಗೆ ತಲಾ ಒಂದು ರೂಪಾಯಿಯ ಚೀಟಿ ಅಂಟಿಸಿ ಹತ್ತು ಬೇಡಿಕೆ ಬಂದರೆ ವೆಚ್ಚ 50 ರೂಪಾಯಿ. ಒಂದು ಪೆಟ್ಟಿಗೆಯ ಮೇಲೆ ನೂರು ರೂಪಾಯಿ ಲಾಭವಿದ್ದರೆ ಕರಪತ್ರದಿಂದ ನಷ್ಟ, ಚೀಟಿಯಿಂದ ಲಾಭ. ಎಷ್ಟು ಜನ ಸ್ಕ್ಯಾನ್ ಮಾಡಿದರೆಂಬುದಕ್ಕಿಂತ ಎಷ್ಟು ಜನ ಕೊಂಡರು, ಅವರಲ್ಲಿ ಎಷ್ಟು ಜನ ಎರಡನೆಯ ಸಲ ಕೊಂಡರು ಎಂಬುದೇ ಮುಖ್ಯ.

ತೆರಿಗೆ ಮತ್ತು ಎಚ್ಚರಿಕೆ

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಅನೇಕರು ಅಂಗಡಿಯ ಸಂಕೇತವನ್ನೇ ಕಿತ್ತುಹಾಕಿದರು. ಹಣ ಪಾವತಿಯ ಸಂಕೇತ ಬೇರೆ, ಪ್ರಚಾರದ ಸಂಕೇತ ಬೇರೆ. ತೆರಿಗೆಯ ಹೊಣೆ ಹುಟ್ಟುವುದು ಮಾರಾಟದಿಂದಲೇ ಹೊರತು ಸಂಕೇತದಿಂದಲ್ಲ. ತಾಜಾ ಹಣ್ಣು, ತರಕಾರಿಗೆ ಜಿಎಸ್‌ಟಿ ವಿನಾಯಿತಿಯಿದೆ. ಸಂಸ್ಕರಿಸಿದ ಹಲವು ಪದಾರ್ಥಗಳಿಗೆ ಇಲ್ಲ. ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯದ ಗ್ರಾಹಕನಿಗೆ ಮಾರಬೇಕಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ವಾರ್ಷಿಕ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಚಿತ್ತೂರು, ಹೊಸೂರುಗಳು ಕೂಗಳತೆಯಲ್ಲಿರುವ ಜಿಲ್ಲೆಯಲ್ಲಿ ಇದನ್ನು ಮೊದಲೇ ತೆರಿಗೆ ಸಲಹೆಗಾರರೊಡನೆ ಚರ್ಚಿಸಬೇಕು. ಗ್ರಾಹಕರ ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸಬಾರದು.

ವಂಚಕರ ಕಾಟವೂ ಇದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಹಲವು ಅಂಗಡಿಗಳ ಪಾವತಿ ಸಂಕೇತಗಳ ಮೇಲೆ ರಾತ್ರೋರಾತ್ರಿ ಬೇರೆ ಚೀಟಿ ಅಂಟಿಸಿ ಹಣ ಲಪಟಾಯಿಸಿದ ಪ್ರಕರಣ ವರದಿಯಾಯಿತು. ಬೆಳಿಗ್ಗೆ ಅಂಗಡಿ ತೆರೆದೊಡನೆ ಸಂಕೇತಗಳನ್ನು ಒಮ್ಮೆ ಸ್ಕ್ಯಾನ್ ಮಾಡಿ ನೋಡುವುದು ಬೀಗ ಪರೀಕ್ಷಿಸುವಷ್ಟೇ ಅಗತ್ಯವಾದ ಅಭ್ಯಾಸ.

ಕೊನೆಯದಾಗಿ, ಸಂಕೇತ ಗ್ರಾಹಕನನ್ನು ಬಾಗಿಲವರೆಗೆ ಕರೆತರುತ್ತದೆ, ಅಷ್ಟೇ. ಕರೆಗೆ ಉತ್ತರಿಸುವುದು, ಹೇಳಿದ ದಿನಕ್ಕೆ ಸರಕು ಕಳುಹಿಸುವುದು, ಕೊಳೆತ ಹಣ್ಣಿಗೆ ಬದಲಿ ಕೊಡುವುದು ವ್ಯಾಪಾರಸ್ಥನ ಕೆಲಸ. ಒಂದು ಸರಕು, ಒಂದು ಪುಟ, ಐನೂರು ಪೆಟ್ಟಿಗೆಗಳಿಂದ ಆರಂಭಿಸಿ, ಒಂದು ಹಂಗಾಮಿನ ಲೆಕ್ಕ ನೋಡಿ ಮುಂದುವರಿಯುವುದೇ ಜಾಣತನ. ಮುಂದಿನ ಬಾರಿ ಗಡಿಯಲ್ಲಿ ಲಾರಿ ನಿಂತಾಗ, ತನ್ನ ಹೆಸರು ಬಲ್ಲ ಇನ್ನೂರು ಮನೆಗಳ ಪಟ್ಟಿಯಿರುವ ವರ್ತಕನು ಪೂರ್ತಿ ಅಸಹಾಯಕನಾಗಿರಲಾರ.