ಮೋಟಾರು ಗಾಡಿಯಲ್ಲಿ ಪೆಟ್ರೋಲಿನ ವಾಸನೆ

ಮೋಟಾರು ಗಾಡಿಯ ಬಾಗಿಲನ್ನು ತೆರೆದೊಡನೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುವುದುಂಟು. ಪೆಟ್ರೋಲಿನಿಂದ ಓಡುವ ಗಾಡಿಯಲ್ಲಿ ಬೇರಾವ ವಾಸನೆ ಇದ್ದೀತೆಂದು ಅನೇಕರು ಅದನ್ನು ಅಲಕ್ಷಿಸುತ್ತಾರೆ. ಇದು ಸರಿಯಲ್ಲ. ಇಂದಿನ ಗಾಡಿಗಳಲ್ಲಿ ಟ್ಯಾಂಕಿನಿಂದ ಎಂಜಿನಿನವರೆಗೆ ಪೆಟ್ರೋಲು ಸಾಗುವ ಹಾದಿಯೆಲ್ಲವೂ ಭದ್ರವಾಗಿ ಮುಚ್ಚಿರತಕ್ಕದ್ದು. ಒಳಗೆ ವಾಸನೆ ನಿಂತಿದೆಯೆಂದರೆ ಆ ಹಾದಿ ಎಲ್ಲಿಯೋ ಬಾಯ್ದೆರೆದಿದೆಯೆಂದೇ ತಿಳಿಯಬೇಕು. ಅದು ಎಲ್ಲಿ? ಅದನ್ನು ಕಂಡುಹಿಡಿಯುವ ಬಗೆ ಹೇಗೆ?

ಆವಿಯ ಸ್ವಭಾವ

ಪೆಟ್ರೋಲು ಒಂದೇ ವಸ್ತುವಲ್ಲ. ಬಹುಮಟ್ಟಿಗೆ ಇಂಗಾಲ ಜಲಜನಕಗಳಿಂದಾದ ನೂರಾರು ಸಂಯುಕ್ತಗಳ ಮಿಶ್ರಣ. ಅವುಗಳಲ್ಲಿ ಹಗುರವಾದವು ಬಹು ಬೇಗನೆ ಆವಿಯಾಗುತ್ತವೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಕಿದರೆ ಹತ್ತಿಕೊಳ್ಳುವಷ್ಟು ಆವಿ ಪೆಟ್ರೋಲಿನಿಂದ ಏಳುತ್ತದೆ. ಹೀಗಿರುವಾಗ ನಮ್ಮ ಬೇಸಗೆಯ ಮಾತನ್ನು ಹೇಳಬೇಕಾದುದೇ ಇಲ್ಲ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದುದರಿಂದ ಅದು ಮೇಲೇರಿ ಚದರಿಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದೂರದ ಒಲೆಯಿಂದಲೋ ದೀಪದಿಂದಲೋ ಹತ್ತಿದ ಬೆಂಕಿ ಆವಿಯ ಜಾಡಿನಲ್ಲಿಯೇ ಗಾಡಿಯವರೆಗೆ ಓಡಿಬರಬಲ್ಲದು.

ಗಾಳಿಯ 100 ಭಾಗಗಳಲ್ಲಿ ಆವಿ ಸುಮಾರು 1.4 ಭಾಗಕ್ಕಿಂತ ಕಡಿಮೆಯಿದ್ದರೆ ಉರಿಯದು, ಸುಮಾರು 7.6 ಭಾಗವನ್ನು ಮೀರಿದರೆ ಆಮ್ಲಜನಕ ಸಾಲದೆ ಉರಿಯದು. ನಡುವಿನ ಪ್ರಮಾಣವೇ ಅಪಾಯಕರ. ನಮ್ಮ ಮೂಗಾದರೋ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದೆರಡು ಭಾಗ ಆವಿಯಿದ್ದರೂ ಅದನ್ನು ಗುರುತಿಸುತ್ತದೆ. ಹೀಗೆ ನಮಗೆ ಮುನ್ಸೂಚನೆ ಸಾಕಷ್ಟು ಮೊದಲೇ ದೊರೆಯುತ್ತದೆ. ಆದರೆ ಮೂಗು ಕೆಲವು ನಿಮಿಷಗಳಲ್ಲಿ ವಾಸನೆಗೆ ಒಗ್ಗಿಹೋಗುತ್ತದೆ. ವಾಸನೆ ತಾನಾಗಿ ಅಡಗಿತೆಂದು ಚಾಲಕನು ನಂಬಿದಾಗಲೂ ಆವಿ ಮೊದಲಿನಷ್ಟೇ ಇರಬಹುದು. ಪೆಟ್ರೋಲಿನಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಬೆಂಜೀನು ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂಬುದನ್ನೂ ನೆನಪಿನಲ್ಲಿಡಬೇಕು.

ಯಾವಾಗ ಬರುತ್ತದೆ?

ವೈದ್ಯನು ಜ್ವರ ಬರುವ ವೇಳೆಯನ್ನು ವಿಚಾರಿಸುವಂತೆ ಇಲ್ಲಿಯೂ ವಾಸನೆಯ ವೇಳೆಯನ್ನು ಮೊದಲು ವಿಚಾರಿಸಬೇಕು. ಪೆಟ್ರೋಲು ತುಂಬಿಸಿದ ಮೇಲೆ, ಅದರಲ್ಲಿಯೂ ತಿರುವುಗಳಲ್ಲಿ ವಾಸನೆ ಬಂದರೆ ಟ್ಯಾಂಕಿನ ಮುಚ್ಚಳದ ರಬ್ಬರು ವಾಶರನ್ನೂ ತುಂಬುವ ಕೊಳವೆಯನ್ನೂ ಶಂಕಿಸಬೇಕು. ಹಿಂದಿನ ಆಸನದ ಬಳಿ ಹೆಚ್ಚಾಗಿದ್ದರೆ ಟ್ಯಾಂಕಿನ ಮೇಲೆ ಪಂಪನ್ನು ಕೂಡಿಸಿರುವ ಸ್ಥಳದ ರಬ್ಬರು ಬಳೆ ಸವೆದಿರಬಹುದು. ಎಂಜಿನು ಓಡುವಾಗ ಮುಂಭಾಗದಿಂದ ಬಂದರೆ ಅಲ್ಲಿನ ರಬ್ಬರು ಪೈಪು ಬಿರಿದಿರಬಹುದು, ಇಲ್ಲವೆ ಇಂಜೆಕ್ಟರಿನ ಬುಡದ ಬಳೆ ಸಡಿಲವಾಗಿರಬಹುದು. ಇಂಜೆಕ್ಟರುಳ್ಳ ಗಾಡಿಗಳಲ್ಲಿ ಪೆಟ್ರೋಲು ವಾಯುಮಂಡಲದ ಮೂರು ಪಟ್ಟಿನಷ್ಟೋ ಅದಕ್ಕೂ ಹೆಚ್ಚಾಗಿಯೋ ಒತ್ತಡದಲ್ಲಿ ಹರಿಯುವುದರಿಂದ ಕೂದಲೆಳೆಯಂಥ ಬಿರುಕಿನಿಂದಲೂ ತುಂತುರಾಗಿ ಚಿಮ್ಮುತ್ತದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಂಥ ಹಳೆಯ ಕಾರ್ಬ್ಯುರೇಟರ್ ಗಾಡಿಗಳ ದೋಷ ಬೇರೆ ಬಗೆಯದು. ಅಲ್ಲಿ ತೇಲುಬುರುಡೆ ತೂತಾಗಿ ಮುಳುಗಿದರೆ ಕವಾಟ ಮುಚ್ಚದೆ ಪೆಟ್ರೋಲು ಬಿಸಿ ಎಂಜಿನಿನ ಮೇಲೆಯೇ ಉಕ್ಕಿ ಸುರಿಯಬಹುದು.

ಬಿಸಿಲಿನಲ್ಲಿ ನಿಂತ ಗಾಡಿಯಿಂದ ವಾಸನೆ ಬರುವುದಕ್ಕೆ ಕಾರಣ ಸ್ವಾರಸ್ಯವಾದುದು. ಟ್ಯಾಂಕು ಕಾದಾಗ ಒಳಗಿನ ಆವಿ ಹಿಗ್ಗಿ ಹೊರದಾರಿಯನ್ನು ಹುಡುಕುತ್ತದೆ. ಹಿಂದೆ ಅದನ್ನು ಗಾಳಿಗೆ ಬಿಟ್ಟುಬಿಡುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರ ಗಾಡಿಗಳಿಂದಲೂ, ಆ ದೇಶದಲ್ಲೆಲ್ಲ 1971ರ ಗಾಡಿಗಳಿಂದಲೂ ಇದಕ್ಕೆ ತಡೆ ಬಿದ್ದಿತು. ಈಗ ಆ ಆವಿಯನ್ನು ವಿಶೇಷವಾಗಿ ಸಿದ್ಧಗೊಳಿಸಿದ ಇದ್ದಲಿನ ಪೆಟ್ಟಿಗೆಯೊಂದರ ಮೂಲಕ ಹಾಯಿಸುತ್ತಾರೆ. ಇಂಥ ಇದ್ದಲಿನ ಒಂದು ಗ್ರಾಮಿನಲ್ಲಿರುವ ಸೂಕ್ಷ್ಮರಂಧ್ರಗಳ ಮೇಲ್ಮೈಯನ್ನೆಲ್ಲ ಹರಡಿದರೆ ಅದು ಸಾವಿರ ಚದರ ಮೀಟರಿನಷ್ಟಾದೀತು! ಆವಿ ಅಲ್ಲಿ ಅಂಟಿಕೊಳ್ಳುತ್ತದೆ. ಎಂಜಿನು ಓಡುವಾಗ ಗಾಳಿಯೊಡನೆ ಎಂಜಿನಿನೊಳಕ್ಕೆ ಎಳೆಯಲ್ಪಟ್ಟು ಉರಿಯುತ್ತದೆ. ಬಂಕಿನ ಪಂಪು ತಾನಾಗಿ ನಿಂತ ಮೇಲೂ ಟ್ಯಾಂಕಿನ ಕಂಠದವರೆಗೆ ತುಂಬಿಸಿದರೆ ದ್ರವ ಪೆಟ್ರೋಲೇ ಪೆಟ್ಟಿಗೆಗೆ ನುಗ್ಗಿ ಇದ್ದಲು ತೊಯ್ದುಹೋಗಬಹುದು. ಅಲ್ಲಿಂದ ಮುಂದೆ ಅದು ಆವಿಯನ್ನು ಹಿಡಿಯಲಾರದು.

ಹುಡುಕುವ ಕ್ರಮ

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನನ್ನು ಆರಲು ಬಿಡಬೇಕು. ಬೀಡಿ, ಬೆಂಕಿಕಡ್ಡಿಗಳು ಹತ್ತಿರ ಸುಳಿಯಕೂಡದು. ದೂರದಲ್ಲಿಯೇ ಹೊತ್ತಿಸಿಕೊಂಡ ಟಾರ್ಚಿನ ಬೆಳಕಿನಲ್ಲಿ ಟ್ಯಾಂಕಿನಿಂದ ಎಂಜಿನಿನವರೆಗೆ ಒಂದೊಂದೇ ಸಂದನ್ನು ಪರೀಕ್ಷಿಸಬೇಕು. ಸೋರಿದ ಪೆಟ್ರೋಲು ಆರಿಹೋಗುವುದರಿಂದ ಹನಿ ಕಾಣದಿರಬಹುದು. ಧೂಳು ಅಂಟಿದ ಕಲೆಯಾದರೂ ಉಳಿದಿರುತ್ತದೆ. ಬಿಳಿಯ ಬಟ್ಟೆಯಿಂದ ಒರೆಸಿ ಮೂಸಿದರೆ ಸಂಶಯ ನಿವಾರಣೆಯಾಗುತ್ತದೆ. ಅನೇಕ ಗಾಡಿಗಳಲ್ಲಿ ಎಂಜಿನನ್ನು ಹೊರಡಿಸದೆ ಬೀಗದ ಕೈಯನ್ನು ಮಾತ್ರ ತಿರುಗಿಸಿದರೆ ಪಂಪು ಒಂದೆರಡು ಸೆಕೆಂಡು ಓಡಿ ಒತ್ತಡವನ್ನುಂಟುಮಾಡುತ್ತದೆ. ಹೊರಗೆ ಸೋರಿಕೆಯಿದ್ದರೆ ಆಗ ಕಂಡುಬರಬಹುದು. ಆವಿಯ ಕೊಳವೆಗಳ ಬಿರುಕು ಕಣ್ಣಿಗೆ ಸುಲಭವಾಗಿ ಬೀಳದು. ಅದಕ್ಕಾಗಿ ಗರಾಜಿನವರು ಕೊಳವೆಗಳೊಳಕ್ಕೆ ಅಲ್ಪ ಒತ್ತಡದಲ್ಲಿ ಹೊಗೆಯನ್ನು ತುಂಬಿ, ಅದು ಹೊರಬೀಳುವ ಸ್ಥಳವನ್ನು ನೋಡುತ್ತಾರೆ.

ದುರಸ್ತಿ

ಬಿರಿದ ಪೈಪನ್ನು ತೇಪೆ ಹಾಕದೆ ಬದಲಾಯಿಸಬೇಕು. ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಪೆಟ್ರೋಲಿನಲ್ಲಿ ಕರಗುತ್ತದೆ. ತೂತಾದ ಟ್ಯಾಂಕಿಗೆ ಬಟ್ಟೆ ಸೋಪನ್ನು ಮೆತ್ತುವ ಚಾಲಕರ ಉಪಾಯದಲ್ಲಿ ವಿಜ್ಞಾನವಿದೆ: ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದರೂ ಅದು ಗರಾಜು ಮುಟ್ಟುವವರೆಗಿನ ಆಸರೆ ಮಾತ್ರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. ಹಳೆಯ ಗಾಡಿಗಳ ಕೆಲವು ಬಗೆಯ ರಬ್ಬರು ಎಥನಾಲನ್ನು ತಾಳದೆ ಉಬ್ಬಿ ಕೆಡುತ್ತದೆ. ಆದುದರಿಂದ ಹೊಸ ಪೈಪು ಅದನ್ನು ತಾಳುವ ಜಾತಿಯದಾಗಿರಬೇಕು. ಒತ್ತಡದ ಪೈಪನ್ನು ಬಿಚ್ಚುವುದು ನುರಿತ ಮೆಕ್ಯಾನಿಕ್‌ನ ಕೆಲಸ.

ಟ್ಯಾಂಕಿನ ವಿಷಯದಲ್ಲಿ ಒಂದು ಮಾತು ಮುಖ್ಯ. ಬರಿದಾದ ಟ್ಯಾಂಕು ನಿರಪಾಯವೆಂದು ಬಗೆದು ಅದಕ್ಕೆ ಬೆಸುಗೆ ಹಾಕಲು ಹೊರಡುವುದು ಪ್ರಾಣಾಪಾಯಕ್ಕೆ ದಾರಿ. ಪೆಟ್ರೋಲಿರುವ ಟ್ಯಾಂಕಿನೊಳಗಿನ ಗಾಳಿಯಲ್ಲಿ ಆವಿ ಸಾಮಾನ್ಯವಾಗಿ ಉರಿಯುವ ಮಿತಿಯನ್ನು ಮೀರಿರುತ್ತದೆ. ಬರಿದು ಮಾಡಿದಾಗ ಹೊರಗಿನ ಗಾಳಿ ಸೇರಿ ಅದು ಸರಿಯಾಗಿ ಸ್ಫೋಟದ ಮಿತಿಗೇ ಇಳಿಯಬಹುದು. ಬೆಸುಗೆಗೆ ಮೊದಲು ಆವಿಯ ಲವಲೇಶವೂ ಇಲ್ಲದಂತೆ ತೊಳೆದು ಪರೀಕ್ಷಿಸಲೇಬೇಕು. ಟ್ಯಾಂಕನ್ನೇ ಬದಲಾಯಿಸುವುದು ಇನ್ನೂ ಲೇಸು.

ದುರಸ್ತಿಯಾದ ಕೂಡಲೆ ಮೂಸಿ ನಿರ್ಣಯಿಸುವುದು ಸಲ್ಲದು. ದಣಿದ ಮೂಗು ಆಗ ಸಾಕ್ಷಿಗೆ ಬಾರದು. ಗಾಡಿಯನ್ನು ರಾತ್ರಿಯೆಲ್ಲ ಬಯಲಿನಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಬಾಗಿಲನ್ನು ತೆರೆಯಬೇಕು. ಆಗಲೂ ವಾಸನೆ ಬಂದರೆ ಹುಡುಕಾಟವನ್ನು ಟ್ಯಾಂಕಿನ ಮುಚ್ಚಳದಿಂದ ಮತ್ತೆ ಪ್ರಾರಂಭಿಸತಕ್ಕದ್ದು.